ರೊಟ್ಟಿ ಅತ್ತಿಯ ಸೋಮವಾರದ ಗುಳಿಗೆ

ರೊಟ್ಟಿ ಅತ್ತಿಯ ಅಂಗೈ ಸದಾ ಬೆಳ್ಳಗಿರುತ್ತಿತ್ತು. ಎಷ್ಟು ತೊಳೆದರೂ ಗೆರೆಗಳಲ್ಲಿ ಜೋಳದ ಹಿಟ್ಟು ಉಳಿದೇ ಇರುತ್ತಿತ್ತು. ಆಕೆಯ ಕೈ ನೋಡಿ ಭವಿಷ್ಯ ಹೇಳುವವನು ಮೊದಲು ಊದಬೇಕು, ಆಮೇಲೆ ಓದಬೇಕು. ಅಂಥ ಕೈಯನ್ನು ಮುದುಡಿಸಿ ಮೂಲೆಗೆ ಕೂಡಿಸಿದ ಮಹಾಪುರುಷ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳದಿದ್ದರೆ ಶಹಾಪುರದ ನಮ್ಮ ಓಣಿಯವರು ಹೇಳುತ್ತಾರೆ, ಅದೂ ಉಪ್ಪುಖಾರ ಹಚ್ಚಿ.

ಆಕೆ ನನಗೆ ರಕ್ತಸಂಬಂಧಿಯಲ್ಲ. ನಮ್ಮ ಮನೆಗೂ ಆಕೆಯ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಅಷ್ಟು ಸಂಬಂಧ ಸಾಕು. ಗಂಡ ತೀರಿದ ಮೇಲೆ ರೊಟ್ಟಿ ಬಡಿದು ಮಾರಿ, ಮಗಳನ್ನು ಓದಿಸಿ ಟೀಚರ್ ಮಾಡಿದಾಕೆ. ಬೆಳಿಗ್ಗೆ ಐದೂವರೆಗೆ ಗೋಡೆಯಾಚೆ ಟಪ್ ಟಪ್ ಟಪಾಟಪ್ ಶುರುವಾದರೆ ನಮ್ಮವ್ವ ಗಡಿಯಾರ ನೋಡುತ್ತಿರಲಿಲ್ಲ. ನಾನು ಬಾಯಲ್ಲಿ ಮಾಡಲು ಕಲಿತ ಮೊದಲ ಸದ್ದೇ ಅದು. ಆಮೇಲೆ ಓಣಿಯ ನಾಯಿ, ಸುರಪುರ ಬಸ್ಸಿನ ಕಂಡಕ್ಟರು, ಹೆಡ್‌ಮಾಸ್ತರು ಎಲ್ಲರೂ ನನ್ನ ಗಂಟಲಿಗೆ ಬಂದು ಸೇರಿದರು. ಅತ್ತಿ ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬಿಸಿ ರೊಟ್ಟಿ ಕೈಗಿಟ್ಟು ಕೇಳುತ್ತಿದ್ದಳು: "ಎಲ್ಲಾರ ದನಿ ಮಾಡ್ತಿ ಮಂಗ್ಯಾ. ನಿಂದು ಅಂತ ಒಂದು ದನಿ ಅದನೋ ಇಲ್ಲೋ?"

ಹೋದ ವರ್ಷ ಆ ಟಪ್ ಟಪ್ ತಡವಾಗತೊಡಗಿತು. ಐದೂವರೆ ಹೋಗಿ ಆರಾಯಿತು, ಏಳಾಯಿತು. ಬೆಳಗಾಗೆದ್ದರೆ ಆಕೆಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಗೆಣ್ಣುಗಳು ಬಾತು ಬಿಸಿಯಾಗಿರುತ್ತಿದ್ದವು. ನಾನೇ ಯಾದಗಿರಿಗೆ ಕರೆದುಕೊಂಡು ಹೋದೆ. ಅಲ್ಲಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಇದು ಬರೀ ವಯಸ್ಸಿನ ನೋವಲ್ಲ, ಸಂಧಿವಾತ, ಹಾಗೇ ಬಿಟ್ಟರೆ ಕೀಲುಗಳು ಸೊಟ್ಟಗಾಗುತ್ತವೆ ಎಂದು ವಾರಕ್ಕೆ ಒಂದೇ ದಿನ, ಸೋಮವಾರ ಮಾತ್ರ ನುಂಗುವ ಗುಳಿಗೆ ಬರೆದುಕೊಟ್ಟರು. ಡಾಕ್ಟರು ಮೈಸೂರು ಕಡೆಯವರು. ಪ್ರತಿ ಮಾತಿಗೂ ಮೊದಲು "ಕ್ಹುಂ" ಎಂದೊಂದು ಸಣ್ಣ ಕೆಮ್ಮು, ಆಮೇಲೆ "ನೋಡೀಮ್ಮಾ". ಇಂಥ ಗಂಟಲು ಸಿಕ್ಕರೆ ನಾನು ಬಿಟ್ಟೇನೆ? ತಿರುಗಿ ಬರುವಾಗ ಬಸ್ಸು ಭೀಮಾ ಸೇತುವೆ ದಾಟುವಷ್ಟರಲ್ಲಿ ಅದು ನನ್ನದಾಗಿತ್ತು.

ಮುಂದೆ ಮಗಳು ಡಾಕ್ಟರನ್ನು ಕೇಳಿಕೊಂಡೇ ಅತ್ತಿಯನ್ನು ಹತ್ತು ದಿನ ಪ್ರಕೃತಿ ಚಿಕಿತ್ಸೆಯ ಆಸ್ಪತ್ರೆಯಲ್ಲಿ ಇರಿಸಿದಳು. ಬಂದಾಕೆ ಕಟ್ಟೆಯ ಮೇಲೆ ಕೂತು ಓಣಿಗೆಲ್ಲ ವರದಿ ಕೊಟ್ಟಳು. "ಕೈಕಾಲಿಗೆಲ್ಲ ಕೆಸರು ಮೆತ್ತಿದ್ರು, ಆಮ್ಯಾಲ ಬಿಸಿನೀರಿನ ತೊಟ್ಟ್ಯಾಗ ಕುಂದ್ರಿಸಿದ್ರು. ಎಮ್ಮಿ ಯಾಕ ಹೊಂಡ ಬಿಟ್ಟು ಏಳಂಗಿಲ್ಲಂತ ನನಗ ಈಗ ತಿಳೀತು ನೋಡ್ರಿ."

ಬೆರಳುಗಳು ಸಲೀಸಾಗಿ ಮಡಚಿಕೊಳ್ಳುತ್ತಿದ್ದವು. ಆಕೆ ನೀಲಿ ಪ್ಲಾಸ್ಟಿಕ್ ಡ್ರಮ್ಮೊಂದನ್ನು ಅರ್ಧಕ್ಕೆ ಕೊಯ್ಯಿಸಿ ಹಿತ್ತಲಲ್ಲಿಟ್ಟು, ಬಿಸಿನೀರು ತುಂಬಿ, ಸೀರೆ ಸಮೇತ ಅದರಲ್ಲಿ ಕೂರತೊಡಗಿದಳು. ರೊಟ್ಟಿ ಕೇಳಿ ಬಂದವರಿಗೆ ಅಲ್ಲಿಂದಲೇ ಅಪ್ಪಣೆ: "ಡಬ್ಬ್ಯಾಗ ಅವ, ತೊಗೊಂಡು ಹೋಗ್ರಿ. ನಾ ಈಗ ಏಳಂಗಿಲ್ಲ, ಕುದಿಯಾಕತ್ತೀನಿ."

ಒಂದು ಸಂಜೆ ಗೆಳೆಯನ ಫೋನಿನಿಂದ ಆಕೆಗೆ ಫೋನ್ ಹಚ್ಚಿದೆ. "ಕ್ಹುಂ. ನೋಡೀಮ್ಮಾ, ಬಿಸಿನೀರಲ್ಲೇ ಇಷ್ಟು ವಾಸಿಯಾದ ಮೇಲೆ ಗುಳಿಗೆ ಯಾಕೆ? ಬಿಟ್ಟುಬಿಡಿ." ಗೋಡೆಯಾಚೆಯಿಂದ ಈಗ ಬೈಗುಳ ಬರುತ್ತದೆ ಎಂದು ಕಿವಿಗೊಟ್ಟು ನಿಂತೆ. "ನನಗೂ ಹಂಗ ಅನಿಸಿತ್ತು ನೋಡ್ರಿ ಸಾಹೇಬ್ರ," ಎಂದು ಫೋನಿಟ್ಟಳು. ನನ್ನ ಕಲೆ ಇಷ್ಟು ಪಳಗಿತಲ್ಲ ಎಂದು ಬೀಗಿದೆ. ನಾಳೆ ಹೇಳೋಣ ಅಂದುಕೊಂಡೆ. ಮರುದಿನವೇ ಕಡೇಚೂರಿನ ಒಂದು ಕಾರ್ಖಾನೆಯಿಂದ ತರಬೇತಿಗೆ ಕರೆ ಬಂತು. ಸೈದಾಪುರದಲ್ಲಿ ಕೋಣೆ ಹಿಡಿದೆ. ಒಂದೂವರೆ ತಿಂಗಳು ಅಲ್ಲಿನ ಸೂಪರ್‌ವೈಸರನ ದನಿ ಕಲಿಯುವುದರಲ್ಲಿ ಅತ್ತಿ ಮರೆತೇ ಹೋದಳು. ತರಬೇತಿ ಮುಗಿಯಿತು. ಸೂಪರ್‌ವೈಸರನ ಎದುರಿಗೇ ಅವನ ದನಿ ತೆಗೆದು ಸೂಪರ್‌ವೈಸರನಾದದ್ದರಿಂದ ಕೆಲಸವೂ ಮುಗಿಯಿತು.

ಊರಿಗೆ ಬಂದ ಮರುದಿನ ಎಂಟು ಗಂಟೆಯಾದರೂ ಗೋಡೆಯಾಚೆ ಸದ್ದಿಲ್ಲ. ಹೋಗಿ ನೋಡಿದರೆ ಒಲೆ ತಣ್ಣಗಿತ್ತು. ಅತ್ತಿ ಹಿತ್ತಲಲ್ಲಿ ಡ್ರಮ್ಮಿನ ನೀರಿಗೆ ಎರಡೂ ಕೈ ಬಿಟ್ಟುಕೊಂಡು ಕೂತಿದ್ದಳು. ಹೊರತೆಗೆದಾಗ ಬೆರಳುಗಳು ಹಸಿಶುಂಠಿಯ ಹಾಗಿದ್ದವು. ಅಂಗೈಯ ಗೆರೆಗಳಲ್ಲಿ ಹಿಟ್ಟಿರಲಿಲ್ಲ.

"ನೀರು ಬದಲಿ ಮಾಡಿ ಮಾಡಿ ಕುಂತೀನಪಾ, ಏನೂ ಆಗವಲ್ದು," ಎಂದಳು. "ರೊಟ್ಟಿ ಸಾಕು, ನಮ್ಮೂರಿಗಿ ಬಂದು ನನ್ನ ಹಂತ್ಯಾಕ ಇರು ಅಂತಾಳ ಮಗಳು. ರೊಟ್ಟಿ ಬಡೀಲಿಲ್ಲಂದ್ರ ನಾ ಯಾರೋ ತಮ್ಮ?"

ಇದಕ್ಕೊಂದು ತಮಾಷೆ ಹುಡುಕಿದೆ. ಸಿಗಲಿಲ್ಲ. ಆ ಫೋನಿನ ನಿಜ ಹೇಳುವ ಧೈರ್ಯವೂ ಆಗದೆ, ಅವತ್ತೇ ಯಾದಗಿರಿ ಬಸ್ಸು ಹತ್ತಿಸಿದೆ.

"ಕ್ಹುಂ. ಗುಳಿಗೆ ತಗೊಳ್ತಿದ್ದೀರಾ ಅಮ್ಮಾ?" ಡಾಕ್ಟರು ಕೇಳಿದರು.

"ನೀವ ಬ್ಯಾಡ ಅಂದ್ರಲ್ರಿ ಫೋನಿನ್ಯಾಗ."

"ನಾನಾ?"

ನಾನು ತಪ್ಪೊಪ್ಪಿಕೊಳ್ಳಲು ಬಾಯಿ ತೆರೆದೆ. ಹಾಳು ಅಭ್ಯಾಸ, ಮಾತಿಗೆ ಮೊದಲು ಕೆಮ್ಮು ಬಂತು: "ಕ್ಹುಂ." ಡಾಕ್ಟರು ತಮ್ಮ ಗಂಟಲು ಮುಟ್ಟಿ ನೋಡಿಕೊಂಡರು. ಅತ್ತಿ ನಿಧಾನಕ್ಕೆ ನನ್ನ ಕಡೆ ತಿರುಗಿದಳು. ಹೊಡೆಯಲು ಕೈ ಎತ್ತಿದಳು. ಅದು ಎದೆಮಟ್ಟಕ್ಕೆ ಬಂದು ನಿಂತುಬಿಟ್ಟಿತು.

"ಹೊಡೀಬೇಕಂದ್ರ ಕೈ ಏಳವಲ್ದಲ್ರಿ ಸಾಹೇಬ್ರ."

"ಕೈ ಸರಿಯಾದ ಮೇಲೆ ಹೊಡೀರಮ್ಮಾ. ಅದಕ್ಕೆ ಮೊದಲು ಗುಳಿಗೆ." ಹೊಸದಾಗಿ ರಕ್ತ ಪರೀಕ್ಷೆಗೆ ಬರೆದು, ಸಮಾಧಾನವಾಗಿ ಹೇಳಿದರು: "ಬಿಸಿನೀರು ಬಿಡಬೇಡಿ, ಬಿಗಿತ ಸಡಿಲ ಮಾಡುತ್ತೆ. ಆದರೆ ಒಳಗಿನ ಉರಿ ಹಿಡಿದಿಡೋದು ಗುಳಿಗೆ. ಎರಡೂ ಜೊತೆಗಿರಬೇಕು."

"ಹಂಗಂದ್ರ ರೊಟ್ಟಿ ಪಲ್ಯಾ ಇದ್ದಂಗ."

"ಹಾಗೇ ಅಂದ್ಕೊಳ್ಳಿ. ನೀವು ಬರೀ ಪಲ್ಯ ತಿಂದಿದ್ದೀರಿ." ನಂತರ ನನ್ನತ್ತ ತಿರುಗಿದರು. "ನೀನು ಪ್ರತಿ ಸೋಮವಾರ ನನ್ನ ದನಿಯಲ್ಲಿ ಇವರಿಗೆ ಗುಳಿಗೆ ನೆನಪು ಮಾಡಬೇಕು. ಬೇರೆ ದಿನ ನನ್ನ ಕೆಮ್ಮು ಕೇಳಿಸಿದರೆ ನಾನೇ ಶಹಾಪುರಕ್ಕೆ ಬರ್ತೀನಿ."

ಹಾಗೆ ನಾನು ವಾರಕ್ಕೊಮ್ಮೆ ಡಾಕ್ಟರಾದೆ. ಗೋಡೆಗೆ ಬಾಯಿ ಹಚ್ಚಿ "ಕ್ಹುಂ, ನೋಡೀಮ್ಮಾ" ಅನ್ನುವುದು, ಆಕೆ ಆಚೆಯಿಂದ "ನುಂಗಿದೆ ಸಾಹೇಬ್ರ" ಅನ್ನುವುದು. ತಿಂಗಳುಗಳೇ ಹಿಡಿದವು. ಒಂದು ಬೆಳಿಗ್ಗೆ ಆರಕ್ಕೆ ಟಪ್ ಎಂದಿತು. ತಡೆದು ಇನ್ನೊಂದು ಟಪ್. ನಾನು ಹಾಸಿಗೆಯಿಂದ ಎದ್ದು ಓಡಿದೆ. "ಬಾ ಇಲ್ಲಿ," ಎಂದು ಹತ್ತಿರ ಕರೆದು, ಹಿಟ್ಟಿನ ಕೈಯಲ್ಲೇ ಕೆನ್ನೆಗೆ ಬಾರಿಸಿದಳು. ನಮ್ಮವ್ವ ಕನ್ನಡಿ ಹಿಡಿದಳು. ಐದೂ ಬೆರಳು ನೆಟ್ಟಗೆ ಮೂಡಿದ್ದವು. ಮಧ್ಯಾಹ್ನದವರೆಗೂ ನಾನು ಮುಖ ತೊಳೆಯಲಿಲ್ಲ. ಓಣಿಯಲ್ಲಿ ಎರಡು ಸುತ್ತು ಹೆಚ್ಚೇ ಹಾಕಿದೆ.

ಈಗಲೂ ಅತ್ತಿ ಡ್ರಮ್ಮಿನಲ್ಲಿ ಕೂರುತ್ತಾಳೆ, ಸೋಮವಾರ ಗುಳಿಗೆ ನುಂಗುತ್ತಾಳೆ. ಮೊದಲಿನಷ್ಟು ರೊಟ್ಟಿ ಆಗುವುದಿಲ್ಲ, ಆದರೆ ಆಗುತ್ತವೆ. ಹೋದ ಸೋಮವಾರ ನನಗೆ ಏನನ್ನಿಸಿತೋ, ಈ ಕಳ್ಳ ಕೆಮ್ಮು ಸಾಕು, ಒಮ್ಮೆಯಾದರೂ ನಾನಾಗಿಯೇ ಕೇಳೋಣ ಎಂದು ಗೋಡೆಯ ಹತ್ತಿರ ಹೋದೆ. ನನ್ನದೇ ದನಿಯಲ್ಲಿ, ಬಹಳ ಅಕ್ಕರೆಯಿಂದ ಕರೆದೆ.

"ಅತ್ತಿ, ಗುಳಿಗಿ ತೊಗೊಂಡಿ ಏನು?"

ಟಪ್ ಟಪ್ ನಿಂತಿತು.

"ನಿನ್ನ ಮಾತು ಯಾರು ಕೇಳ್ತಾರಲೇ ಮಂಗ್ಯಾ. ಡಾಕ್ಟರಿಗಿ ಕರಿ."