ಕೇಳಿದರೂ ನೀರು ಕೊಡಬೇಡಿ

ಹೋದ ಭಾನುವಾರ ಮುನ್ನೂರು ಜನರ ಮುಂದೆ ಮೈಕ್ ಹಿಡಿದು ನಾನೊಂದು ಸುಳ್ಳು ಹೇಳಿದೆ. ಜನ ಚಪ್ಪಾಳೆ ತಟ್ಟಿದರು.

ಸುಳ್ಳು ಹೊಸದೇನಲ್ಲ. ಹದಿನಾಲ್ಕು ವರ್ಷ ಹಳೆಯದು. ಆಗ ಅದಕ್ಕೆ ಸಹಿ ಹಾಕಿದ್ದೆ, ಈಗ ಬಾಯಿಬಿಟ್ಟು ಹೇಳಿದೆ. ಅಷ್ಟೇ ವ್ಯತ್ಯಾಸ.

ಸಂದರ್ಭ, ನಮ್ಮ ಮಹದೇವಯ್ಯ ಸರ್ ಅವರ ಬೀಳ್ಕೊಡುಗೆ. ತಿಪಟೂರಿನ ಒಂದು ಕಾಲೇಜಿನಲ್ಲಿ (ಹೆಸರು ಬೇಡ, ಯಾವ ಕಾಲೇಜಾಗಿದ್ದರೂ ಹೀಗೇ ಮಾಡುತ್ತಿತ್ತು) ಅವರು ದೈಹಿಕ ಶಿಕ್ಷಣ ನಿರ್ದೇಶಕರು. ಅದು ಬಾಗಿಲ ಮೇಲಿನ ಬೋರ್ಡಿನಲ್ಲಿ. ಊರವರ ಬಾಯಲ್ಲಿ ಪಿ.ಟಿ. ಮೇಷ್ಟ್ರು. ಅವರ ಹಳೆಯ ಶಿಷ್ಯ, ಪೇಪರಿನಲ್ಲಿ ಬೇರೆ ಬರೆಯುತ್ತಾನೆ, ಚೆನ್ನಾಗಿ ಮಾತಾಡುತ್ತಾನೆ ಎಂದು ನನ್ನನ್ನು ಕರೆದಿದ್ದರು. ನಾನು ಚೆನ್ನಾಗಿಯೇ ಮಾತಾಡಿದೆ.

ಸರ್ ಕೆಲಸಕ್ಕೆ ಸೇರಿದಾಗ ನಮ್ಮ ಕಾಲೇಜಿಗೆ ಮೈದಾನ ಅಂತ ಇದ್ದದ್ದು ಅರ್ಧ ಸೈಕಲ್ ಸ್ಟ್ಯಾಂಡ್, ಇನ್ನರ್ಧ ಕೊಬ್ಬರಿ ಲಾರಿಗಳು ರಿವರ್ಸ್ ತೆಗೆದುಕೊಳ್ಳುವ ಜಾಗ. ಅಲ್ಲಿ ನಾನೂರು ಮೀಟರ್ ಟ್ರ್ಯಾಕ್ ಎಲ್ಲಿ ಹಾಕುವುದು? ಅವರು ಟ್ರ್ಯಾಕೇ ಬೇಡದ ಆಟವನ್ನು ಆರಿಸಿಕೊಂಡರು. ಕ್ರಾಸ್ ಕಂಟ್ರಿ. ಹೊನ್ನವಳ್ಳಿ ರಸ್ತೆಯಲ್ಲಿ ಹೊರಟು, ತೆಂಗಿನ ತೋಟಗಳ ನಡುವಿನ ಗಾಡಿಜಾಡಿಗೆ ಇಳಿದು, ಹಳ್ಳ ದಾಟಿ, ಬದು ಹಾರಿ, ಕೆರೆ ಏರಿ ಮೇಲಿಂದ ಮತ್ತೆ ಟಾರು ರಸ್ತೆಗೆ ಬಂದರೆ ಹನ್ನೆರಡು ಕಿಲೋಮೀಟರ್. ಖರ್ಚಿಲ್ಲದ ಆಟ. ಚಡ್ಡಿಗಳನ್ನು ನಮ್ಮ ಅಬ್ಬಾ ಹೊಲಿದು ಕೊಡುತ್ತಿದ್ದರು. (ಬಸ್ ಸ್ಟ್ಯಾಂಡ್ ಹಿಂದೆ ಅವರದು ಟೈಲರ್ ಅಂಗಡಿ. ಯೂನಿಫಾರ್ಮ್ ಬಟ್ಟೆಯಲ್ಲಿ ಉಳಿದದ್ದೆಲ್ಲ ನಮ್ಮ ಚಡ್ಡಿ. ಹಾಗಾಗಿ ಒಬ್ಬೊಬ್ಬರದು ಒಂದೊಂದು ಬಣ್ಣ.)

ಆದರೆ ಒಂದು ತೊಂದರೆ ಬಂತು. ನಮ್ಮ ಕಡೆಯ ತೋಟದವರು ನಿಮಗೆ ಗೊತ್ತಲ್ಲ, ಏದುಸಿರು ಬಿಡುತ್ತಾ ಬಂದವನನ್ನು ಸುಮ್ಮನೆ ಕಳಿಸುವವರೇ ಅಲ್ಲ. ನಾವು ಓಡುತ್ತಿದ್ದರೆ ಒಂದು ತೋಟದಲ್ಲಿ ಎಳನೀರು ಕೆತ್ತಿ ನಿಲ್ಲಿಸುವರು, ಇನ್ನೊಂದರಲ್ಲಿ ಮಜ್ಜಿಗೆ. ಪಂಪ್‌ಸೆಟ್ ಕಂಡಲ್ಲೆಲ್ಲ ನಾವೇ ಬಾಯಿ ಹಚ್ಚುತ್ತಿದ್ದೆವು. ಹನ್ನೆರಡು ಕಿಲೋಮೀಟರ್ ಮುಗಿಸಲು ಎರಡು ಗಂಟೆ! ಅದು ಓಟವೋ, ನೆಂಟರ ಮನೆ ಸುತ್ತಾಟವೋ?

ಸರ್‌ಗೆ ಅವರ ಗುರುಗಳು ಕಲಿಸಿದ್ದು ಒಂದೇ. ಓಡುವವನು ನಡುವೆ ನೀರು ಕುಡಿದರೆ ಪಕ್ಕೆ ಹಿಡಿಯುತ್ತದೆ, ಕಾಲು ಭಾರವಾಗುತ್ತದೆ, ಮುಗಿಸಿದ ಮೇಲೆ ಮಾತ್ರ ಕುಡಿಯಬೇಕು. ಆ ಕಾಲದಲ್ಲಿ ಎಲ್ಲ ಕೋಚ್‌ಗಳೂ ಇದನ್ನೇ ನಂಬಿದ್ದರು. ಆದರೆ ನಮ್ಮ ಸರ್ ನಂಬಿ ಸುಮ್ಮನಿರಲಿಲ್ಲ. ಸೈಕಲ್ ಹತ್ತಿ ಆ ದಾರಿಯ ಒಂದೊಂದು ತೋಟಕ್ಕೂ ಹೋದರು. ಕೈಮುಗಿದು ಹೇಳಿದರು: "ನನ್ನ ಹುಡುಗರಿಗೆ ಏನೂ ಕೊಡಬೇಡಿ. ಕೇಳಿದರೂ ನೀರು ಕೊಡಬೇಡಿ. ಕೊಟ್ರೆ ಅವರು ಕೆಡ್ತಾರೆ."

ಮೇಷ್ಟ್ರು ಮನೆ ಬಾಗಿಲಿಗೆ ಬಂದು ಹೇಳಿದ ಮೇಲೆ ಮುಗಿಯಿತು. ಇಡೀ ದಾರಿ ಅದನ್ನು ವ್ರತದ ಹಾಗೆ ಹಿಡಿಯಿತು. ನಮ್ಮನ್ನು ಕಂಡರೆ ಹೆಂಗಸರು ಬಿಂದಿಗೆಯನ್ನೇ ಮರೆಗೆ ಸರಿಸುತ್ತಿದ್ದರು. ನಾವು ಬೈದುಕೊಂಡೇ ಓಡಿದೆವು, ಗೆದ್ದೆವು. ಮೂರು ವರ್ಷ ಯೂನಿವರ್ಸಿಟಿ ಟೀಮ್ ಕಪ್ ತಿಪಟೂರಿಗೆ ಬಂತು. ಸರ್ ಕೈಯಲ್ಲಿ ಓಡಿದವರು ಪೊಲೀಸ್ ಆದರು, ರೈಲ್ವೆ ಸೇರಿದರು. ಅಪ್ಪಂದಿರು ಮಕ್ಕಳನ್ನು ಕರೆತಂದು "ಇವ್ನೂ ಓಡ್ಸಿ ಸಾರ್" ಎನ್ನುತ್ತಿದ್ದರು.

ಹಾಗೆ ಬಂದವನು ಕರಿಯಣ್ಣ. ಹುಳಿಯಾರಿನ ಆಚೆಯ ಒಂದು ಗೊಲ್ಲರಹಟ್ಟಿಯವನು. ಹೈಸ್ಕೂಲಿಗೆ ಹಟ್ಟಿಯಿಂದ ದಿನಾ ಓಡಿಕೊಂಡೇ ಹೋಗಿ ಬಂದವನು. ಬಸ್ಸಿಗೆ ಕಾಯುವುದೆಂದರೆ ಅವನಿಗೆ ಅವಮಾನ. ಎರಡು ವರ್ಷ ನಾನು ನೋಡಿದ್ದು ಅವನ ಬೆನ್ನನ್ನು ಮಾತ್ರ. ಅವನು ಫಸ್ಟ್, ನಾನು ಸೆಕೆಂಡ್. ನನಗೆ ಹೊಟ್ಟೆಯುರಿ ಇತ್ತು ಎಂದು ಒಪ್ಪಿಕೊಂಡುಬಿಡುತ್ತೇನೆ.

ಶಿವರಾತ್ರಿ ಕಳೆದ ಹದಿನೈದನೇ ದಿನ ನಮಗೆ ಸೆಲೆಕ್ಷನ್ ಟ್ರಯಲ್. ಬೆಳಿಗ್ಗೆ ಆರಕ್ಕೆ ಶುರುವಾಗಬೇಕು. ಅವತ್ತೇ ಆಫೀಸಿನಲ್ಲಿ ಹಾಲ್ ಟಿಕೆಟ್ ಕೊಡುತ್ತಿದ್ದರು, ನಸುಕಿಗೇ ಹಿಡಿದ ಜಾಗ ಬಿಟ್ಟು ಯಾರೂ ಬರುವ ಹಾಗಿರಲಿಲ್ಲ, ಕ್ಯೂ ಕರಗಲಿಲ್ಲ. ನಾವು ಹೊರಟಾಗ ಹನ್ನೊಂದು ಗಂಟೆ. ಮುಂದೂಡಬಹುದಿತ್ತಲ್ಲ? ಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

ಸರ್ ಎಂದಿನ ಹಾಗೆ ಸೈಕಲ್ಲಿನಲ್ಲಿ ಕೊನೆಯವರ ಹಿಂದೆ. ಕರಿಯಣ್ಣ ಎಲ್ಲರ ಮುಂದೆ. ಕೆರೆ ಏರಿ ಇಳಿದರೆ ಗೌರಮ್ಮ ಎಂಬುವರ ತೋಟ. ಅಲ್ಲಿಗೆ ಬಂದಾಗ ನಾನು ಕಂಡದ್ದು, ಕರಿಯಣ್ಣ ಅವರ ನೀರಿನ ತೊಟ್ಟಿಯ ಕಟ್ಟೆ ಹಿಡಿದು ಬಗ್ಗಿ ನಿಂತಿದ್ದಾನೆ. ಗೌರಮ್ಮ ತೊಟ್ಟಿಗೆ ಅಡ್ಡವಾಗಿ ಕೈ ಚಾಚಿದ್ದಾರೆ.

"ಬ್ಯಾಡ ಕಣಪ್ಪ, ಮೇಷ್ಟ್ರಿಗೆ ಮಾತು ಕೊಟ್ಟಿವ್ನಿ. ಇನ್ನೇನು ಒಂದ್ ಮೈಲಿ, ಓಡ್ಬುಡು ನನ್ ಕಂದ."

ಅವನು ನನ್ನ ಕಡೆ ತಿರುಗಿದ. "ಲೇ ಸಲೀಮ, ಎಲ್ಡು ತೊಟ್ಟು ಕೊಡ್ಸಲಾ. ಕಣ್ಣು ಕತ್ತಲೆ ಬತ್ತೈತೆ."

ನಾನು ಏನು ಮಾಡಿದೆ ಗೊತ್ತೇ? "ಸಾರ್ ಬತ್ತಾವ್ರೆ, ನಡಿಯಲಾ" ಎಂದು ಕೂಗಿ ಮುಂದೆ ಓಡಿದೆ. ಎರಡು ವರ್ಷದಲ್ಲಿ ಮೊದಲ ಸಲ ನನ್ನ ಮುಂದೆ ಯಾರೂ ಇರಲಿಲ್ಲ. ಖುಷಿಯಾಗಿತ್ತು. ಕಾಲಿಗೆ ಎಲ್ಲಿಲ್ಲದ ಬಲ ಬಂದಿತ್ತು.

ನಾನು ಫಸ್ಟ್ ಬಂದೆ. ಮೂರನೆಯವನು ಬಂದ, ನಾಲ್ಕನೆಯವನೂ ಬಂದ. ಆಮೇಲೆ ಸರ್ ಒಬ್ಬರೇ, ಸೈಕಲ್ ಬಿಟ್ಟು ಓಡಿಕೊಂಡು ಬಂದರು. ಗೌರಮ್ಮನ ಮಾತಿಗೆ ಬೆಲೆ ಕೊಟ್ಟು ಕರಿಯಣ್ಣ ತೊಟ್ಟಿ ಬಿಟ್ಟು ಹೊರಟಿದ್ದ. ಮೋರಿಯ ಕೆಳಗೆ, ದಾರಿಯಲ್ಲಿ ಓಡುವವರಿಗೆ ಕಾಣದ ಹಾಗೆ ಬಿದ್ದಿದ್ದ. ಮೈ ಕೆಂಡವಾಗಿತ್ತು, ಒಂದು ಹನಿ ಬೆವರಿರಲಿಲ್ಲ. ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದ್ದು ಒಂದೇ ಪ್ರಶ್ನೆ: "ಈ ಬಿಸಿಲಲ್ಲಿ ಓಡಿಸಿದೀರಲ್ಲ, ನೀರು ಕುಡಿಸಿದ್ರಾ?" ಸರ್ ಗೋಡೆಗೆ ಒರಗಿ ಕೂತುಬಿಟ್ಟರು. ಮಧ್ಯಾಹ್ನ ಮೂರಕ್ಕೆ ಕರಿಯಣ್ಣ ಹೋದ.

ಮಾರನೇ ದಿನ ಪ್ರಿನ್ಸಿಪಾಲರ ಕೋಣೆಯಲ್ಲಿ ಮೀಟಿಂಗ್. ಸರ್ ಆಗಲೇ ಒಂದು ಬಿಳಿ ಹಾಳೆಯಲ್ಲಿ ನಡೆದದ್ದನ್ನು ನಡೆದ ಹಾಗೆ ಬರೆದು ತಂದಿದ್ದರು. ಪ್ರಿನ್ಸಿಪಾಲರು ಅದನ್ನು ಓದಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡರು. "ನಿಮ್ಮೊಬ್ಬರ ಕೆಲಸ ಹೋಗೋದಲ್ಲ ಕಣ್ರೀ, ಕಾಲೇಜೇ ಮುಚ್ಚಿಸ್ತಾರೆ. ಇಷ್ಟೂ ಮಕ್ಕಳು ಎಲ್ಲಿಗೆ ಹೋಗ್ಬೇಕು?" ಎಂದರು. ಟೈಪ್ ಮಾಡಿದ ಬೇರೊಂದು ಹಾಳೆ ಬಂತು. ಕರಿಯಣ್ಣನಿಗೆ ಹುಟ್ಟಿನಿಂದಲೂ ಎದೆಯ ಕಾಯಿಲೆ ಇತ್ತು, ಸ್ನೇಹಿತರಾದ ನಮಗೆ ಅದು ತಿಳಿದಿತ್ತು, ಬೇಡವೆಂದರೂ ಕೇಳದೆ ಓಡಿದ. ಐದು ಹುಡುಗರು ಸಹಿ ಹಾಕಿದೆವು. ಮೊದಲನೆಯದು ನನ್ನದು. (ಅಲ್ಲೂ ಫಸ್ಟ್.) ಪೋಸ್ಟ್‌ಮಾರ್ಟಂ ಅಂತ ಹೆಣ ಕುಯ್ಯುವುದು ಬೇಡ ಎಂದು ಹಟ್ಟಿಯವರು ಕೈಮುಗಿದಿದ್ದರು. ಕಾಲೇಜಿಗೂ ಅದೇ ಬೇಕಿತ್ತು. ಸರ್ ತಲೆ ಎತ್ತಲಿಲ್ಲ, ಅಡ್ಡವೂ ಬರಲಿಲ್ಲ.

ಅಲ್ಲಿಗೆ ಅವರ ಕೋಚ್ ಕೆಲಸ ಮುಗಿಯಿತು. ಆಮೇಲಿನ ಹದಿನಾಲ್ಕು ವರ್ಷ ಅವರು ಯಾರನ್ನೂ ಓಡಿಸಲಿಲ್ಲ. ಕೇರಂ ಟೂರ್ನಮೆಂಟ್, ಚೆಸ್, ಆಗಸ್ಟ್ ಹದಿನೈದರ ಪೆರೇಡ್. ಸ್ಟಾಫ್ ರೂಮಿನಲ್ಲಿ "ಕೂತು ಸಂಬಳ ತಗೋತಾರೆ" ಎಂದು ಆಡಿಕೊಂಡರು. ಒಂದು ಕೆಲಸ ಮಾತ್ರ ತಪ್ಪಿಸಲಿಲ್ಲ. ಮೈದಾನದ ಮೂಲೆಯಲ್ಲಿ ಎರಡು ದೊಡ್ಡ ಹಂಡೆ ಇಟ್ಟು, ದಿನಾ ಬೆಳಿಗ್ಗೆ ತಾವೇ ನೀರು ತುಂಬುತ್ತಿದ್ದರು. ಅಟೆಂಡರ್ ಕೈ ಹಾಕಿದರೆ ಬೈಯುತ್ತಿದ್ದರು. ವರ್ಷಕ್ಕೊಮ್ಮೆ ಹುಳಿಯಾರು ಬಸ್ ಹತ್ತಿ ಆ ಹಟ್ಟಿಗೆ ಹೋಗಿ ಬರುತ್ತಿದ್ದರಂತೆ.

ಈಗ ಭಾನುವಾರಕ್ಕೆ ಬರುತ್ತೇನೆ.

ಸಭೆಯಲ್ಲಿ ಎರಡನೇ ಸಾಲಿನಲ್ಲಿ ಕರಿಯಣ್ಣನ ಅಪ್ಪ ಚಿತ್ತಯ್ಯ ಕೂತಿದ್ದರು. ಮಡಿಲಲ್ಲಿ ಹೊಸ ಕಂಬಳಿ, ಸರ್‌ಗೆ ಹೊದಿಸಲು. ಅವರನ್ನು ಕಂಡ ಕೂಡಲೇ ನನ್ನ ಬಾಯಿಗೆ ಬಂದದ್ದು ಆ ಟೈಪ್ ಮಾಡಿದ ಹಾಳೆ. "ಎದೆ ದುರ್ಬಲವಾಗಿದ್ದರೂ ಗುರುವಿಗಾಗಿ ಓಡಿದ ನಮ್ಮ ಗೆಳೆಯ ಕರಿಯಣ್ಣ" ಎಂದೆ. ಚಪ್ಪಾಳೆ ಬಿದ್ದದ್ದು ಇದಕ್ಕೇ.

ಕೊನೆಗೆ ಸರ್ ಎದ್ದರು. ಹಾರ ತೆಗೆದಿಟ್ಟರು. "ಸಲೀಂ ಹೇಳಿದ್ದು ಸುಳ್ಳು. ಆ ಹುಡುಗನ ಎದೆ ಗಟ್ಟಿಯಾಗಿತ್ತು. ಅವನು ನೀರು ಕೇಳಿದ. ಕೊಡಬೇಡಿ ಅಂತ ಹೇಳಿದ್ದವನು ನಾನು" ಎಂದರು. ಎರಡನೇ ಸಾಲಿನ ಕಡೆ ಕೈಮುಗಿದರು. ನಿರೂಪಣೆ ಮಾಡುತ್ತಿದ್ದ ಲೆಕ್ಚರರ್ ಓಡಿ ಬಂದು ಮೈಕ್ ತೆಗೆದುಕೊಂಡರು. "ಶಿಷ್ಯವಾತ್ಸಲ್ಯದಿಂದ ಸರ್ ತುಂಬಾ ಭಾವುಕರಾಗಿದ್ದಾರೆ" ಎಂದರು. ಮತ್ತೆ ಚಪ್ಪಾಳೆ. ಎಲ್ಲರೂ ರಾಷ್ಟ್ರಗೀತೆಗೆ ಎದ್ದು ನಿಂತರು.

ಹೊರಗೆ ಬಂದ ಮೇಲೆ ಚಿತ್ತಯ್ಯ ಸರ್ ಕೈ ಹಿಡಿದುಕೊಂಡರು. "ದ್ಯಾವ್ರಂತೋರು ಸ್ವಾಮಿ ನೀವು. ನಮ್ ಹುಡ್ಗನ್ ಕಾಯ್ಲೇನೂ ನಿಮ್ ಮ್ಯಾಲೆ ಹಾಕ್ಕಂತೀರಲ್ಲ."

ನೋಡಿ, ಸುಳ್ಳನ್ನು ನಾವು ಎಷ್ಟು ಗಟ್ಟಿಯಾಗಿ ಕಟ್ಟಿದ್ದೆವು! ನಿಜವನ್ನು ಮೈಕಿನಲ್ಲಿ ಕೂಗಿದರೂ ಅದು ದೊಡ್ಡತನದ ಹಾಗೆ ಕೇಳಿಸುತ್ತದೆ.

ಮೂವರೂ ಬಸ್ ಸ್ಟ್ಯಾಂಡಿಗೆ ನಡೆದೆವು. ಮನೆ ಕಡೆ ಹೇಗೆ ಎಂದು ಮಾತಿಗೆ ಕೇಳಿದೆ. ಕೇಳಬಾರದಿತ್ತು.

"ನಾವು ಚೆಂದಾಗಿದೀವಿ. ಮಗಳು ಲಕ್ಕಮ್ಮುಂದೇ ಯೋಚ್ನೆ ಕಣಪ್ಪ," ಎಂದರು ಚಿತ್ತಯ್ಯ. "ನಾಕ್ನೇ ಕ್ಲಾಸ್‌ಗೇ ಸ್ಕೂಲ್ ಬುಡುಸ್ದೆ. ಅಷ್ಟ್ ದೂರ ನಡುದ್ರೆ ಎದಿಗೆ ಆಗಾಕಿಲ್ಲ ಅಂತ. ಬಿಂದ್ಗೆ ಹೊರಾಕೂ ಬುಡಲ್ಲ. ಗಂಡಿನೋರು ಬತ್ತಾರೆ, ಅಣ್ಣುಂಗೆ ಎದೆ ಕಾಯ್ಲೆ ಇತ್ತಂತೆ, ಈ ಮನೆ ರಕ್ತುದಾಗೇ ಐತೆ ಅಂತ ಎದ್ದೋಯ್ತಾರೆ. ಮೂರು ಸಂಬಂಧ ಹಂಗೇ ಹೋಯ್ತು. ಅವ್ಳೂ ಈಗ ಮಾತಾಡಾದೇ ಕಮ್ಮಿ."

ಕರಿಯಣ್ಣ ಸತ್ತಾಗ ಆ ಹುಡುಗಿಗೆ ಒಂಬತ್ತು ವರ್ಷ. ಈಗ ಇಪ್ಪತ್ಮೂರು. ಸಹಿ ಹಾಕುವಾಗ ನಮಗೆ ಒಬ್ಬ ಸತ್ತವನು ಮಾತ್ರ ಕಂಡಿದ್ದ. ಸತ್ತವನಿಗೆ ಒಂದು ಕಾಯಿಲೆ ಅಂಟಿಸಿದರೆ ಅವನಿಗೇನು ನಷ್ಟ ಎಂದುಕೊಂಡಿದ್ದೆವು. ಮನೆಯಲ್ಲಿ ಬದುಕಿರುವವಳು ಒಬ್ಬಳಿದ್ದಾಳೆ ಎಂದು ಐವರಲ್ಲಿ ಒಬ್ಬನಿಗೂ ನೆನಪಾಗಲಿಲ್ಲ.

ಹುಳಿಯಾರು ಬಸ್ ಸ್ಟ್ಯಾಂಡಿನೊಳಗೆ ತಿರುಗಿತು. ಸರ್ ನನ್ನ ತೋಳು ಹಿಡಿದರು. "ವರ್ಷಾ ವರ್ಷಾ ಹೋಗಿ ಹೇಳಿದೀನಿ ಸಲೀಂ. ನಾನು ಹೇಳಿದ್ರೆ ಇವರು ನಂಬಲ್ಲ. ಅವನು ನೀರು ಕೇಳಿದ್ದು ನಿನ್ನನ್ನ. ನೀನು ಹೇಳು. ಈಗ್ಲೇ ಹೇಳು."

ಚಿತ್ತಯ್ಯ ನನ್ನ ಮುಖ ನೋಡುತ್ತಾ ನಿಂತರು. ಏನೋ ಕೇಳಲು ಕಾದವರ ಹಾಗೆ.

"ಬಸ್ ಬಂತು ಯಜಮಾನ್ರೇ, ಸೀಟ್ ಹಿಡ್ಕಳಿ" ಎಂದೆ.

ಅವರು ಹತ್ತಿ ಕೂತರು. ಕಿಟಕಿಯಿಂದ ನನಗೂ ಕೈಮುಗಿದರು. ಸರ್ ನನ್ನ ತೋಳು ಬಿಟ್ಟು ಮನೆ ಕಡೆ ನಡೆದರು.

ಆಮೇಲೆ ನಾಲ್ಕು ದಿನ, ಈಗ ನಾನು ನಡೆಸುವ ಅಬ್ಬಾ ಅವರ ಟೈಲರ್ ಅಂಗಡಿಯಲ್ಲಿ ನನ್ನ ಕತ್ತರಿ ಓಡಲಿಲ್ಲ. ಪ್ರತಿ ವಾರ ಪೇಪರಿನ ಇದೇ ಜಾಗದಲ್ಲಿ ಶಾಸಕರಿಗೆ, ಮುನಿಸಿಪಾಲಿಟಿಗೆ, ಕರೆಂಟ್ ಆಫೀಸಿನವರಿಗೆ ನಿಜ ಹೇಳಿ ಎಂದು ಬುದ್ಧಿ ಹೇಳುವವನು ನಾನು. ನೀವು ಕಾಗದ ಬರೆದು "ನಿಮ್ಮ ಧೈರ್ಯ ಮೆಚ್ಚಬೇಕು" ಎನ್ನುತ್ತೀರಿ. ಇವತ್ತು ಇಷ್ಟನ್ನೂ ಬರೆದಿದ್ದೇನೆ. ಇದಕ್ಕೂ ಮೆಚ್ಚುಗೆಯ ಕಾಗದಗಳು ಬರುತ್ತವೆ, ಗೊತ್ತು. ದಯವಿಟ್ಟು ಬರೆಯಬೇಡಿ.

ಚಿತ್ತಯ್ಯನವರಿಗೆ ಓದಲು ಬರುವುದಿಲ್ಲ. ಲಕ್ಕಮ್ಮನಿಗೆ ಪೇಪರ್ ಓದುವಷ್ಟು ಅಕ್ಷರ ಬರುವ ಮುಂಚೆಯೇ ಸ್ಕೂಲು ಬಿಡಿಸಿದರು. ಆ ಹಟ್ಟಿಗೆ ಯಾವ ಪೇಪರೂ ಹೋಗುವುದಿಲ್ಲ.

ಅದು ಗೊತ್ತಿದ್ದೇ ಅಲ್ಲವೇ ನಾನು ಇದನ್ನು ಬಸ್ ಹತ್ತಿ ಹೋಗಿ ಹೇಳದೆ, ಇಲ್ಲಿ ಕೂತು ಬರೆದದ್ದು?