ಚಿಮಟ ಕೆಳಗಿಟ್ಟ ತಾಯಿ

ಆಡಿದ ಮಾತಿಗೆ ತಪ್ಪದವಳು, ಪರರ ವಸ್ತುವನ್ನು ಕಣ್ಣರೆಪ್ಪೆಯಂತೆ ಕಾಯುವವಳು, ಕೂದಲೆಳೆಗಿಂತ ತೆಳುವಾದ ಉಕ್ಕಿನ ಸುರುಳಿಯನ್ನು ನೋಯಿಸದೆ ನೇರ್ಪಡಿಸುವವಳು, ನಿಂತುಹೋದ ಗಳಿಗೆಗೆ ಮತ್ತೆ ನಡಿಗೆ ಕಲಿಸುವವಳು. ಇಂತು ಗುಣಸಂಪನ್ನೆಯಾಗಿ ಬೀದಿಯವರ ಬಾಯಲ್ಲಿ ‘ಗಡಿಯಾರದಕ್ಕ’ ಎನಿಸಿಕೊಂಡ ಆ ರಿಪೇರಿಗಾರ್ತಿಗೆ ಭಗವಂತನು ಒಂದೇ ಒಂದು ಕೊರತೆಯನ್ನು ಇಟ್ಟಿದ್ದನು. ಅಂಗಡಿಯಿಂದ ಒಳಮನೆಗೆ ಕಾಲಿಟ್ಟೊಡನೆ ಅವಳ ತಾಳ್ಮೆ ಹೊಸಿಲಾಚೆಯೇ ಉಳಿದುಬಿಡುತ್ತಿತ್ತು. ಕೋಪ ಮೂಗಿನ ತುದಿಯಲ್ಲಿ. ಅಮ್ಮನ ಹೆಜ್ಜೆ ಕೇಳಿದರೆ ಸಾಕು, ಪುಟ್ಟ ಮಗಳು ಬಾಗಿಲ ಮರೆ ಸೇರುತ್ತಿದ್ದಳು. ಒಡೆದ ಲೋಟವನ್ನೂ ಹರಿದ ಚೀಲವನ್ನೂ ಬಚ್ಚಿಡುವುದನ್ನು ಕಲಿತಿದ್ದಳು.

“ಗಡಿಯಾರಕ್ಕಿರೋ ಪುಣ್ಯ ನನ್ನ ಮೊಮ್ಮಗಳಿಗಿಲ್ಲ ನೋಡು,” ಎಂದು ಅತ್ತೆ ಚುಚ್ಚುತ್ತಿದ್ದರು.

ಆ ಮಾತು ನಾಟಿತು. ಮಗಳು ತನ್ನಿಂದ ದೂರವಾಗುತ್ತಿದ್ದಾಳೆಂಬ ಅಳಲನ್ನು ಹೊತ್ತು ಅವಳು ಶಾಲೆಯ ಆಪ್ತಸಮಾಲೋಚಕಿಯ ಬಳಿಗೆ ಹೋದಳು.

“ಕೆಲಸದಲ್ಲಿ ಕೈ ನಡುಗಿದ್ರೆ ಏನ್ಮಾಡ್ತೀರಿ ಅಕ್ಕ?” ಎಂದು ಆಕೆ ಕೇಳಿದರು.

“ಚಿಮಟ ಕೆಳಗಿಟ್ಟು, ಉದ್ದಕ್ಕೆ ಉಸಿರು ಬಿಡ್ತೀನಿ. ನಡುಕ ನಿಂತ ಮೇಲೇನೇ ಮುಟ್ಟೋದು.”

“ಮನೇಲೂ ಅಷ್ಟೇ. ಕೋಪ ಬಂದಿದೆ ಅಂತ ಮೊದಲು ಬಾಯ್ಬಿಟ್ಟು ಹೇಳಿ. ಆಮೇಲೆ ಚಿಮಟ ಕೆಳಗಿಡಿ.”

ಪರೀಕ್ಷೆ ಎದುರಾಗಲು ಬಹಳ ಕಾಲ ಹಿಡಿಯಲಿಲ್ಲ. ಒಂದು ಭಾನುವಾರ ಬೆಳಿಗ್ಗೆ, ಅಮ್ಮನಿಗೆ ನೆರವಾಗಬೇಕೆಂದು ಮೇಜು ಒರೆಸಹೋದ ಮಗಳು, ಬಿಚ್ಚಿಟ್ಟಿದ್ದ ಗಡಿಯಾರದ ಬಿಡಿಭಾಗಗಳ ತಟ್ಟೆಯನ್ನೇ ಕೆಡವಿದಳು. ಸಾಸಿವೆಗಿಂತ ಚಿಕ್ಕ ತಿರುಪುಗಳು ನೆಲದ ತುಂಬ ಚೆಲ್ಲಿದವು. ಓಡಿಬಂದ ತಾಯಿಯ ಮೈಯೆಲ್ಲ ಉರಿಯಿತು. ಮಗಳು ಗೋಡೆಗೆ ಒತ್ತಿಕೊಂಡು ನಿಂತಳು.

“ನನಗೀಗ ತುಂಬಾ ಕೋಪ ಬಂದಿದೆ,” ಎಂದಳು ತಾಯಿ. ಇನ್ನು ಚಿಮಟ ಕೆಳಗಿಡಬೇಕು. ಇಡೋಣವೆಂದರೆ ಕೈಯಲ್ಲಿ ಏನಿದೆ? ಕಲಿತ ಪಾಠ ತಪ್ಪಬಾರದೆಂದು, ಮೇಜಿನ ಮೇಲೆ ಮಲಗಿದ್ದ ಚಿಮಟವನ್ನು ಬೇಕೆಂದೇ ಎತ್ತಿಕೊಂಡು, ಭಕ್ತಿಯಿಂದ ಮತ್ತೆ ಅಲ್ಲಿಯೇ ಇಟ್ಟು, ಕಣ್ಣು ಮುಚ್ಚಿ ಉಸಿರು ಬಿಟ್ಟಳು.

“ಇದ್ಯಾವ ವ್ರತನೇ ತಾಯಿ? ಸುಮ್ಮನೆ ಬಿದ್ದಿದ್ದನ್ನ ಎತ್ತಿ, ಮತ್ತೆ ಅಲ್ಲೇ ಇಟ್ಯಲ್ಲ,” ಎಂದರು ಅತ್ತೆ.

ಮಗಳ ತುಟಿಯಂಚಿನಲ್ಲಿ ನಗೆ ಇಣುಕಿತು. ತಾಯಿಗೂ ತಡೆಯಲಾಗಲಿಲ್ಲ. ತಾಯಿ ಮಗಳಿಬ್ಬರೂ ಟಾರ್ಚು ಹಿಡಿದು ನೆಲದ ಮೇಲೆ ತೆವಳತೊಡಗಿದರು. ಅತ್ತೆ ಕುರ್ಚಿಯಿಂದಲೇ ಸೇನಾಪತ್ಯ ವಹಿಸಿದರು. ಎಲ್ಲ ಸಿಕ್ಕಿ ಒಂದು ತಿರುಪು ಮಾತ್ರ ಉಳಿಯಿತು.

“ಅಮ್ಮಾ, ಅದು ಇಲ್ಲಿದೆ. ನೀನು ಬರೋ ಸದ್ದು ಕೇಳಿ ಬಚ್ಚಿಟ್ಕೊಂಡಿದ್ದೆ,” ಎಂದು ಮಗಳು ತಾನಾಗಿಯೇ ಮುಷ್ಟಿ ಬಿಚ್ಚಿದಳು.

ಅತ್ತೆ ಥಟ್ಟನೆ ಚಿಮಟವನ್ನು ಸೊಸೆಯತ್ತ ಚಾಚಿ, “ತಗೋ, ಇನ್ನೊಂದ್ಸಲ ಇಡು,” ಎಂದರು.

“ಬೇಡ ಅತ್ತೆ, ಕೈ ನಡುಗ್ತಿಲ್ಲ,” ಎಂದು ಗಡಿಯಾರದಕ್ಕ ಮಗಳನ್ನು ಮಡಿಲಿಗೆ ಎಳೆದುಕೊಂಡಳು.

ಆ ತಾಯಿಯ ಕೈ ಸ್ಥಿರವಾಗಿರಲಿ. ನಡುಗಿದ ದಿನ ಕೆಳಗಿಡುವ ಬುದ್ಧಿಯನ್ನು ಪರಮಾತ್ಮನು ಅನುಗ್ರಹಿಸಲಿ. ಅತ್ತೆಯ ನಾಲಗೆಗೆ ಮುಪ್ಪು ಬಾರದಿರಲಿ. ಆ ಮನೆಯಲ್ಲಿ ಮಗುವು ಮುಷ್ಟಿ ಬಿಗಿಹಿಡಿಯುವ ಕಾಲ ಮತ್ತೆ ಬಾರದಿರಲಿ.