ಕಾಗದದ ಲೇಥು

ನಾನು ಶಹಾಪುರದ ಹೈಸ್ಕೂಲೊಂದರಲ್ಲಿ ಚಿತ್ರಕಲೆ ಶಿಕ್ಷಕಿ. ಮದುವೆ ಪತ್ರಿಕೆ ಬಂದರೆ ಮನೆಯವರೆಲ್ಲ ಮುಹೂರ್ತ ನೋಡುತ್ತಾರೆ, ನಾನು ರಟ್ಟಿನ ದಪ್ಪ ನೋಡುತ್ತೇನೆ. ಅದನ್ನು ಕತ್ತರಿಸಿ, ಮಡಚಿ, ಅಂಟಿಸಿ ಸಣ್ಣ ಮಾದರಿಗಳನ್ನು ಮಾಡುವುದು ನನ್ನ ಹವ್ಯಾಸ. ಬಸ್ಸು, ಬಾವಿ, ಕೋಟೆ ಬಾಗಿಲು ಎಲ್ಲ ಆಗಿದ್ದವು.

ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ನಾರಾಯಣಪುರದ ಅಣೆಕಟ್ಟಿನ ವರ್ಕ್‌ಶಾಪಿನಲ್ಲಿ ಟರ್ನರ್ ಆಗಿದ್ದವರು. ಲೇಥ್ ಮಷೀನಿಗೆ ಕಬ್ಬಿಣದ ತುಂಡು ಕಚ್ಚಿಸಿ, ಗರಗರ ತಿರುಗಿಸಿ, ಹೆರೆದು ಅಳತೆಗೆ ತರುವುದು ಅವರ ಕೆಲಸ. ನೌಕರಿಯ ಅಷ್ಟೂ ವರ್ಷ ಒಂದೇ ಮಷೀನಿನ ಮುಂದೆ ನಿಂತವರು. ಅವರು ನಿವೃತ್ತರಾದ ಮೇಲೆ ಅದು ಗುಜರಿಗೆ ಹೋಯಿತೆಂದು ಯಾರೋ ಹೇಳಿದ್ದರಂತೆ. ಅದರ ಮುಂದೆ ಖಾಕಿ ತೊಟ್ಟು ನಿಂತ ಒಂದು ಫೋಟೋ ಮಾತ್ರ ಅವರ ಹತ್ತಿರ ಉಳಿದಿತ್ತು.

ಒಂದು ಭಾನುವಾರ ಮುಂಜಾನೆ ನಾನು ಬಸ್ಸಿಗೆ ಗಾಲಿ ಅಂಟಿಸುತ್ತಿದ್ದಾಗ ಮಾವ ಚಹಾ ಕುಡಿಯುತ್ತ ಕೇಳಿದರು.

"ಬಸ್ಸು ಮಾಡ್ತಿ, ಬಾವಿ ಮಾಡ್ತಿ. ಮಷೀನ್ ಯಾಕ ಮಾಡಂಗಿಲ್ಲವಾ?"

"ಯಾವ ಮಷೀನ್ರಿ ಮಾವ?"

ಅವರು ಲೋಟ ಕೆಳಗಿಟ್ಟರು. ಒಳಗೆ ಹೋಗಿ ಆ ಫೋಟೋ ತಂದು ನನ್ನ ಮುಂದಿಟ್ಟರು.

ಆಕಾರ ಕಟ್ಟುವುದು ಕಷ್ಟವಾಗಲಿಲ್ಲ. ಮಾವನಿಗೆ ಪ್ರತಿ ಭಾಗದ ಅಳತೆಯೂ ಬಾಯಿಪಾಠವಿತ್ತು. ಎರಡು ವಾರದಲ್ಲಿ ಒಂದು ಗೇಣುದ್ದದ ಲೇಥು ಎದ್ದು ನಿಂತಿತು. ಮೈಗೆ ಹಸಿರು ಬಣ್ಣ ಬಳಿದೆ. ಆದರೆ ಲೇಥಿನ ಮುಖ್ಯ ಭಾಗಗಳಿಗೆ ಬಣ್ಣವೇ ಇರುವುದಿಲ್ಲ. ತುಂಡನ್ನು ಕಚ್ಚಿ ಹಿಡಿಯುವ ದುಂಡನೆಯ ಚಕ್, ಹಳಿಯಂತೆ ಉದ್ದಕ್ಕೆ ಹಾಸಿದ ಬೆಡ್, ತಿರುಗಿಸುವ ಹಿಡಿಕೆಗಳು, ಇವೆಲ್ಲ ಬರೀ ಲೋಹ. ಅವಕ್ಕೆ ಅಂಗಡಿಯ ಬೆಳ್ಳಿ ಬಣ್ಣ ಹಚ್ಚಿ ಮಾವನ ಕೈಗೆ ಕೊಟ್ಟೆ.

ಅವರಿಗೆ ಆಗ ಎರಡೂ ಕಣ್ಣಿಗೆ ಮೋತಿಬಿಂದಿನ ಪೊರೆ ಬಂದು ದೃಷ್ಟಿ ಮಂಜಾಗಿತ್ತು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಇದು ಅಲಮಾರಿ ಬಣ್ಣ ಆತು. ಕಬ್ಬಣ ಅಂದ್ರ ಬಣ್ಣ ಅಲ್ಲ, ಮೈ. ಬೆಳಕು ಅದರ ಮ್ಯಾಲ ಓಡ್ಯಾಡಬೇಕು."

ಚಪಾತಿ ಸುತ್ತುವ ಬೆಳ್ಳಿ ಹಾಳೆ ಅಂಟಿಸಿದೆ. ಅದು ಸುಕ್ಕುಗಟ್ಟಿ, ಮಿರಮಿರ ಮಿಂಚಿ, ಮಿಠಾಯಿಯಂತೆ ಕಂಡಿತು. ಕಿತ್ತು ಹಾಕಿದೆ.

ಆಮೇಲೆ ಹೊಳೆಯಿತು: ತಪ್ಪು ಮೇಲಿನ ಬಣ್ಣದಲ್ಲಿಲ್ಲ, ಕೆಳಗಿನ ಕಾಗದದಲ್ಲಿದೆ. ರಟ್ಟು ಕಣ್ಣಿಗೆ ನುಣುಪಾಗಿ ಕಂಡರೂ ಬಣ್ಣ ಕುಡಿದ ಕೂಡಲೇ ಅದರ ಸಣ್ಣ ಎಳೆಗಳು ಎದ್ದು ನಿಲ್ಲುತ್ತವೆ. ಎಳೆ ಕಂಡರೆ ಮುಗಿಯಿತು, ಅದು ಕಾಗದವೇ. ಅದಕ್ಕೇ ಆ ಭಾಗಗಳನ್ನು ಹೊಸ ರಟ್ಟಿನಲ್ಲಿ ಮಾಡಿ, ಮೊದಲು ವಾರ್ನಿಶ್ ಹಚ್ಚಿ, ಒಣಗಿಸಿ, ಅತಿ ನಯವಾದ ಉಜ್ಜುಕಾಗದದಿಂದ ಮೆಲ್ಲಗೆ ಉಜ್ಜಿದೆ. ಮತ್ತೆ ಹಚ್ಚಿದೆ, ಮತ್ತೆ ಉಜ್ಜಿದೆ. ನಮ್ಮೂರ ಬಿಸಿಲಿಗೆ ಒಣಗುವುದು ತಡವಿಲ್ಲ, ಧೂಳು ಮಾತ್ರ ಅದಕ್ಕಿಂತ ಮುಂಚೆ ಬಂದು ಕೂರುತ್ತದೆ. ಅಡುಗೆಮನೆಯ ದೊಡ್ಡ ಪಾತ್ರೆ ಬೋರಲು ಹಾಕಿ ಮುಚ್ಚಿಟ್ಟೆ. ಉಗುರಿನಲ್ಲಿ ಗೀರಿದರೆ ಗಾಜಿನಂತೆ ಜಾರತೊಡಗಿದ ಮೇಲೆ ಕಪ್ಪು ಬಣ್ಣ ಕೊಟ್ಟೆ. ಮೆತ್ತನೆಯ ಪೆನ್ಸಿಲ್ ಕಡ್ಡಿಯನ್ನು ಕೆರೆದು ಪುಡಿ ಮಾಡಿ, ಬೆರಳ ತುದಿಯಲ್ಲಿ ತೆಗೆದುಕೊಂಡು ಆ ಕಪ್ಪಿನ ಮೇಲೆ ತಿಕ್ಕಿದೆ.

ಕಪ್ಪಿನೊಳಗಿಂದ ಕಬ್ಬಿಣ ಎದ್ದು ಬಂತು. ನನಗೇ ನಂಬಿಕೆಯಾಗಲಿಲ್ಲ.

ಮಾವ ಚಕ್ಕನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಬಹಳ ಹೊತ್ತು ನೋಡಿದರು. "ಹಾಂ. ಆದ್ರ ಗೆರಿ ಎಲ್ಲಿ ಅದಾವ? ಚಕ್ಕು ತಿರಗತದ, ಅದರ ಗೆರಿ ದುಂಡಗ. ಬೆಡ್ಡಿನ ಮ್ಯಾಲ ಉದ್ದಕ. ಹೆಂಗ ಕೆಲಸ ಮಾಡ್ತದ ಹಂಗ ಗೆರಿ."

ಚಕ್ಕನ್ನು ದಬ್ಬಣಕ್ಕೆ ಸಿಕ್ಕಿಸಿ ತಿರುಗಿಸುತ್ತ, ಪಾತ್ರೆ ಉಜ್ಜುವ ತಂತಿಯ ಒಂದೆಳೆಯನ್ನು ಅದಕ್ಕೆ ತಾಗಿಸಿದೆ. ಕೂದಲಿಗಿಂತ ಸಣ್ಣ ದುಂಡು ಗೆರೆಗಳು ಮೂಡಿದವು. ಬೆಡ್ಡಿಗೆ ಬೆಳ್ಳಿ ಹಾಳೆಯ ಮಬ್ಬು ಮಗ್ಗುಲನ್ನು ಮೇಲೆ ಮಾಡಿ ಅಂಟಿಸಿ, ಹತ್ತಿಯಿಂದ ಒತ್ತಿ, ಉದ್ದಕ್ಕೆ ಮಾತ್ರ ಗೀರಿದೆ. ಈ ಸಲ ಮಾವ "ಬರೋಬರಿ ಆಗ್ಯಾದ" ಅಂದರು. ಅವರ ಬಾಯಿಂದ ಅಷ್ಟು ಬಂದರೆ ದೊಡ್ಡದು. ನಾನು ಅದನ್ನು ಟಿ.ವಿ. ಪಕ್ಕ ಇಟ್ಟು, ಬಂದವರಿಗೆಲ್ಲ ತೋರಿಸಿದೆ.

ಚಳಿಗಾಲದಲ್ಲಿ ಯಾದಗಿರಿಗೆ ಕರೆದುಕೊಂಡು ಹೋಗಿ ಅವರ ಒಂದು ಕಣ್ಣಿಗೆ ಆಪರೇಶನ್ ಮಾಡಿಸಿದೆವು. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದವರೇ ಕರಿ ಕನ್ನಡಕದಲ್ಲೇ ನೆಟ್ಟಗೆ ಟಿ.ವಿ. ಹತ್ತಿರ ಹೋಗಿ ಲೇಥು ಕೈಗೆತ್ತಿಕೊಂಡರು. ಕನ್ನಡಕ ತುಸು ಮೇಲೆತ್ತಿ ನೋಡಿದರು. ನಾನು ಹೊಗಳಿಕೆಗೆ ಕಾಯುತ್ತ ನಿಂತಿದ್ದೆ.

"ಇದು ನನ್ನ ಮಷೀನ್ ಅಲ್ಲ ಬಿಡವಾ," ಅಂದರು.

ನನಗೆ ಅಳು ಬಂದಂತಾಯಿತು. "ನೀವ ಬರೋಬರಿ ಅದ ಅಂದಿದ್ರಿ ಮಾವ."

"ಆಗ ಕಣ್ಣ ಇದ್ದಿಲ್ಲ. ಇದು ಡಬ್ಬಿದಾಗಿಂದ ಈಗ ತಗದಂಗ ಅದ. ನಂದು ದುಡದ ಮಷೀನ್."

ಎದುರು ಕೂರಿಸಿಕೊಂಡು ಹೇಳಿದರು. ಕೈ ತಾಗುವ ಹಿಡಿಕೆ ಕನ್ನಡಿಯಂತೆ ಹೊಳೆಯುತ್ತದೆ, ಕೈ ತಾಗದ ಸಂದಿನಲ್ಲಿ ಎಣ್ಣೆಯ ಜಿಡ್ಡು ಕಟ್ಟಿ ಕಂದಾಗುತ್ತದೆ. ಬೆಡ್ಡು ಎಲ್ಲ ಕಡೆ ಒಂದೇ ತೆರನಾಗಿ ಸವೆಯುವುದಿಲ್ಲ. ಹೆಚ್ಚು ಕೆಲಸ ನಡೆಯುವುದು ಚಕ್ಕಿನ ಹತ್ತಿರ, ಅಲ್ಲಿ ಒಂದು ತುಂಡು ಮಾತ್ರ ಹೆಚ್ಚು ಬೆಳ್ಳಗಾಗಿರುತ್ತದೆ. ನಾನು ತೆಳ್ಳನೆಯ ಕಂದು ಬಣ್ಣವನ್ನು ಸಂದುಗಳಿಗೆ ಇಳಿಯಬಿಟ್ಟು, ಮೇಲಿನದನ್ನು ಬಟ್ಟೆಯಿಂದ ಒರೆಸಿದೆ. ಬೆಡ್ಡಿನ ಆ ತುಂಡನ್ನು ಹತ್ತಿಯಿಂದ ತಿಕ್ಕಿ ಹೊಳಪೇರಿಸಿದೆ. ಹಿಡಿಕೆಯನ್ನು ಮಾವ ನನಗೆ ಬಿಡಲಿಲ್ಲ. ಕಣ್ಣಿಗೆ ತ್ರಾಸು ಕೊಡಬೇಡಿ ಎಂದು ಡಾಕ್ಟರು ಹೇಳಿದ್ದನ್ನು ನೆನಪಿಸಿದೆ.

"ಇದಕ್ಕ ಕಣ್ಣ ಬೇಕಾಗಂಗಿಲ್ಲ," ಎಂದು ಹೆಬ್ಬೆರಳಿನಿಂದ ಮಧ್ಯಾಹ್ನವೆಲ್ಲ ಅದನ್ನು ತಿಕ್ಕುತ್ತ ಕೂತರು. ನನ್ನ ಹತ್ತಿ, ಬಟ್ಟೆ ಯಾವುದರಿಂದಲೂ ಬರದ ಹೊಳಪು ಆ ಹೆಬ್ಬೆರಳಿನ ಜಿಡ್ಡಿನಿಂದ ಬಂತು.

ಮುಂದಿನ ತಿಂಗಳು ಸುರಪುರದಲ್ಲಿದ್ದ ಅವರ ಹಳೆಯ ಜೊತೆಗಾರನನ್ನು ನೋಡಲು ಹೊರಟೆವು. ವರ್ಕ್‌ಶಾಪಿನಲ್ಲಿ ಮಾವನ ಕೈಕೆಳಗೆ ಹೆಲ್ಪರ್ ಆಗಿದ್ದ ಆತನೂ ಈಗ ತಲೆ ನೆರೆತವರು. ಲೇಥನ್ನು ಚಪ್ಪಲಿ ಡಬ್ಬಿಯಲ್ಲಿಟ್ಟು ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಹೋದೆ. ಡಬ್ಬಿ ತೆಗೆದಾಗ ಆತ ಎರಡೂ ಕೈ ಹಾಕಿ, ಭಾರದ ವಸ್ತು ಎತ್ತುವವರಂತೆ ಉಸಿರು ಬಿಗಿಹಿಡಿದು ಎತ್ತಿದರು. ಲೇಥು ಚಕ್ಕನೆ ಅವರ ಗದ್ದದವರೆಗೆ ಹಾರಿ ಬಂತು.

"ಅಯ್ಯ ಇದರ! ಹಗುರ ಅದಲ್ರಿ ಇದು!"

ಮಾವ ನಕ್ಕ ನಗೆಗೆ ಒಳಗಿದ್ದ ಹೆಣ್ಣುಮಕ್ಕಳೆಲ್ಲ ಹೊರಗೆ ಬಂದರು. ಆಮೇಲೆ, ನನ್ನನ್ನು ಒಂದು ಮಾತೂ ಕೇಳದೆ, "ಇಟಗೋ, ನಿನಗಂತ ತಂದೀನಿ," ಅಂದುಬಿಟ್ಟರು.

ವಾಪಸು ಬರುವಾಗ ನಾನು ಮುಖ ಗಂಟಿಕ್ಕಿಕೊಂಡು ಕಿಟಕಿಗೆ ಕೂತಿದ್ದೆ. ಅರ್ಧ ದಾರಿಯ ಮೇಲೆ ಮಾವನೇ ಮಾತು ತೆಗೆದರು.

"ಸಿಟ್ಟ ಬಂದದೇನವಾ?"

"ಬರಂಗಿಲ್ಲೇನ್ರಿ ಮತ್ತ? ನಾಕ್ ತಿಂಗಳ ಕೆಲಸ ಅದು."

"ದಿನಾ ಮುಂಜಾನೆ ಅದಕ್ಕ ಎಣ್ಣಿ ಹಾಕಾಂವ ಅಂವಾ. ನಾ ಬರೋದ್ರಾಗ ಒರಸಿ ಇಟ್ಟಿರ್ತಿದ್ದ. ಅದರ ಹೊಳಪು ನನ್ನೊಬ್ಬಂದ ಅಲ್ಲ."

ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಶಹಾಪುರದಲ್ಲಿ ಇಳಿದು ಮನೆಗೆ ನಡೆಯುವಾಗ, ಇನ್ನೊಂದು ಲೇಥು ಮಾಡುವಾಗ ಅದು ಕೈಗೆ ತುಸು ಭಾರವಾಗಲೆಂದು ಬೆಡ್ಡನ್ನು ಇನ್ನೊಂದು ಪದರ ದಪ್ಪ ಮಾಡಬೇಕೆಂದು ಲೆಕ್ಕ ಹಾಕುತ್ತಿದ್ದೆ.